ಹೆಸರು ಬೇಡವೆಂದ ಡ್ಯಾನ್ಸ್ ಮಾಸ್ಟರ್

ಟೈಟಲ್ ಓಡುವಾಗ ನೀವು ಕತ್ತಲಲ್ಲಿ ಸೀಟು ಹುಡುಕ್ತಿರ್ತೀರಿ, ಅಲ್ವೇ? ನಾನು ಹಾಗಲ್ಲ. ಲೈಟ್‌ಬಾಯ್‌ವರೆಗೆ ಎಲ್ಲರ ಹೆಸರನ್ನೂ ಓದುತ್ತೇನೆ. ಪಿಯುಸಿ ಬಿಟ್ಟು ಬರೆದ ನನ್ನ ಮೊದಲ ಲೇಖನ ಹೆಸರಿಲ್ಲದೆ ಅಚ್ಚಾಗಿತ್ತು! ಪತ್ರಿಕೆ ಹಿಡಿದು ಬಸ್‌ಸ್ಟ್ಯಾಂಡಿನಲ್ಲಿ ಪೆಚ್ಚಾಗಿ ನಿಂತಿದ್ದೆ. ಹೆಸರಿನ ಬೆಲೆ ನನಗೆ ಗೊತ್ತು.

ಆದರೆ 'ಹೆಸರು ಹಾಕಲೇಬೇಡಿ' ಎಂದವರೊಬ್ಬರಿದ್ದಾರೆ. ಚಿತ್ರ, 2019ರ 'ಆಂಡ್ ದೆನ್ ವಿ ಡ್ಯಾನ್ಸ್ಡ್'. ಮಾತೆಲ್ಲ ಜಾರ್ಜಿಯನ್, ನಿರ್ಮಾಣ ಸ್ವೀಡನ್, ಜಾರ್ಜಿಯಾ, ಫ್ರಾನ್ಸ್ ಸೇರಿ. ನಿರ್ದೇಶಕ ಲೆವಾನ್ ಅಕಿನ್ ಸ್ವೀಡನ್ನಿನಲ್ಲಿ ಹುಟ್ಟಿದ ಜಾರ್ಜಿಯನ್ ಮೂಲದವ.

ಜಾರ್ಜಿಯಾದಲ್ಲಿ ಜಾನಪದ ಕುಣಿತವೆಂದರೆ ಗಂಡಸುತನದ ಪರೀಕ್ಷೆ. ಕತ್ತಿ ಝಳಪಿಸಬೇಕು, ಎಗರಿ ಮಂಡಿಯೂರಿ ಬೀಳಬೇಕು. 'ಮೊಳೆಯ ಹಾಗೆ ನಿಲ್ಲೋ' ಎಂದು ಗದರುತ್ತಾನೆ ಗುರು. ಶಿಷ್ಯ ಮೇರಾಬ್‌ನದು ಮೃದು ಮೈ. ರಾತ್ರಿ ಹೋಟೆಲಿನಲ್ಲಿ ಮಾಣಿ ಕೆಲಸ. ಪೈಪೋಟಿಗೆ ಇರಾಕ್ಲಿ ಬರುತ್ತಾನೆ. ನೋಡನೋಡುತ್ತ ಮೇರಾಬ್‌ನ ಮನಸ್ಸು ಅವನಲ್ಲೇ ನೆಟ್ಟುಬಿಡುತ್ತದೆ!

ನಗ್ತೀರಾ? ನಾನೂ ಮೊದಲು ಮುಸಿಮುಸಿ ನಕ್ಕವನೇ. ಕಾಲು ಗಂಟೆ ಕಳೆಯುವಷ್ಟರಲ್ಲಿ ನಗು ನಿಂತಿತ್ತು. ಮೇರಾಬ್ ಆಗಿರುವ ಲೆವಾನ್ ಗೆಲ್ಬಖಿಯಾನಿ ಮೂಲತಃ ಡ್ಯಾನ್ಸರ್. ನಿರ್ದೇಶಕರ ಕಣ್ಣಿಗೆ ಬಿದ್ದದ್ದು ಇನ್‌ಸ್ಟಾಗ್ರಾಮಿನಲ್ಲಿ. ಅವನ ಕಣ್ಣು ನೋಡಿ ಸ್ವಾಮಿ, ಡೈಲಾಗೇ ಬೇಡ! ಸರಾಯೆವೊ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಸುಮ್ಮನೆ ಬಂದದ್ದಲ್ಲ.

ಶೂಟಿಂಗೇ ಒಂದು ಸಾಹಸ. ಕಥೆ ತಿಳಿದೊಡನೆ ಮಾತು ಕೊಟ್ಟಿದ್ದ ಜಾಗಗಳು ಕೈತಪ್ಪಿದವು. ಸೆಟ್ಟಿಗೆ ಅಂಗರಕ್ಷಕರು ಬೇಕಾದರು. ಕುಣಿತ ಕಲಿಸಿದ ಮಾಸ್ಟರ್, ಹೆಸರು ಹೊರಬಿದ್ದರೆ ಅನ್ನಕ್ಕೇ ಕಲ್ಲು ಬಿದ್ದೀತೆಂದು ಅಜ್ಞಾತರಾಗಿಯೇ ಉಳಿದರು.

2019ರ ನವೆಂಬರ್ 8, ರಾಜಧಾನಿ ಟ್ಬಿಲಿಸಿಯಲ್ಲಿ ಬಿಡುಗಡೆ. ಟಿಕೆಟ್ ಕ್ಷಣದಲ್ಲಿ ಖಾಲಿ. ಥಿಯೇಟರ್ ಹೊರಗೆ ಪ್ರತಿಭಟನೆಯ ಗುಂಪು, ಒಳನುಗ್ಗುವ ಯತ್ನ, ಪೊಲೀಸರ ಗೋಡೆ. ಅದನ್ನು ದಾಟಿ ಜನ ಒಳಗೆ ಹೋದರು, ಸಿನಿಮಾ ನೋಡಿದರು. ಮೆಚ್ಚಿನ ನಟನ ಮೊದಲ ಆಟಕ್ಕೆ ನೂಕುನುಗ್ಗಲಲ್ಲಿ ಅಂಗಿ ಹರಿದುಕೊಂಡವರು ನಾವು. ಇವರದು ಯಾವ ಅಭಿಮಾನ, ಹೇಳಿ!

ಕೊನೆಗೆ ಉಳುಕಿದ ಕಾಲಲ್ಲೇ ಮೇರಾಬ್ ಪರೀಕ್ಷೆಗೆ ನಿಲ್ಲುತ್ತಾನೆ. ಮೊಳೆಯ ಹಾಗಲ್ಲ, ತನ್ನ ಹಾಗೆ ಕುಣಿಯುತ್ತಾನೆ. ಆ ಹೆಜ್ಜೆಗಳ ಹಿಂದೆ ಯಾರೋ ಒಬ್ಬರ ಕೈ ಇದೆ. ಶಿಳ್ಳೆ ಹೊಡೆಯೋಣವೆಂದರೆ, ಯಾರ ಹೆಸರು ಕೂಗೋದು ಗುರೂ?