ಮುದಿ ನಾಯಿಯನ್ನು ರಾತ್ರಿ ಗುಡ್ಡಕ್ಕೆ ಎಳೆದೊಯ್ಯಬೇಡಿ

ಬಳ್ಳಾರಿಯ ಗೆಳೆಯರೊಬ್ಬರು ಮೊನ್ನೆ ನಮ್ಮ ವಾಟ್ಸಾಪ್ ಗುಂಪಿಗೆ ಒಂದು ಮೆಸೇಜ್ ಹಾಕಿದರು. ಹುಣ್ಣಿಮೆ ದಿನ ಕುರುಗೋಡು ಗುಡ್ಡ ಹತ್ತುವುದು, ರಾತ್ರಿ ಬಂಡೆ ಮೇಲೆ ಮಲಗುವುದು, ಬೆಳಿಗ್ಗೆ ಸೂರ್ಯ ಹುಟ್ಟುವುದನ್ನು ನೋಡಿ ಇಳಿಯುವುದು. ಕೊನೆಗೆ ಒಂದು ಸಾಲು: ‘ಮನ್ಯಾಗ ನಾಯಿ ಇದ್ರ ತರ್ರಿ, ರೀಲ್ಸ್ ಚಲೋ ಬರ್ತಾವ.’

ಗುಡ್ಡ ಹತ್ತುವುದಕ್ಕೆ ನಮ್ಮ ತಕರಾರಿಲ್ಲ. ಆ ಕೊನೆಯ ಸಾಲಿಗೆ ಇದೆ. ನಿಮ್ಮ ನಾಯಿಗೆ ವಯಸ್ಸಾಗಿದ್ದರೆ ಅದನ್ನು ಮನೆಯಲ್ಲಿ ಬಿಟ್ಟು ಹೋಗಿ. ಇದನ್ನು ಹೇಳಲು ನೀವ್ಯಾರು ಎಂದು ಕೇಳಿದರೆ, ಈ ತಪ್ಪನ್ನು ಮಾಡಿ ನೋಡಿದವರು ನಾವು.

ನಮ್ಮ ಕರಿಯ ಸಿರುಗುಪ್ಪ ಕಡೆಯ ಹಳ್ಳಿಯ ನಾಯಿ. ಹನ್ನೊಂದು ವರ್ಷ. ಹುಟ್ಟಿದ್ದು, ಓಡಾಡಿದ್ದು ಎಲ್ಲ ಭತ್ತದ ಗದ್ದೆ ಬದುವಿನ ಮೇಲೆ, ಕಾಲುವೆ ದಂಡೆಯಲ್ಲಿ. ಮೆತ್ತನೆ ಕಪ್ಪು ಮಣ್ಣು ಬಿಟ್ಟರೆ ಅದರ ಕಾಲಿಗೆ ಬೇರೆ ನೆಲ ಗೊತ್ತಿಲ್ಲ. ಮೂತಿ ಬೆಳ್ಳಗಾಗಿತ್ತು, ಮಲಗಿ ಏಳುವಾಗ ಹಿಂಗಾಲು ಒಂದು ಕ್ಷಣ ತಡೆಯುತ್ತಿತ್ತು. ಇದೆಲ್ಲ ನಮಗೆ ಕಾಣುತ್ತಿತ್ತು. ಆದರೂ ಟಾಟಾ ಏಸ್ ಹತ್ತಿಸಿ ಕುರುಗೋಡಿಗೆ ಕರೆದುಕೊಂಡು ಹೋದೆವು. ‘ಪಾಪ, ಅದೂ ಒಂದ್ಸಲ ನೋಡ್ಲಿ’ ಎಂದುಕೊಂಡೆವು. ಏನನ್ನು ನೋಡಬೇಕಿತ್ತೋ ಅದು!

ಬೇಸಿಗೆ. ಹಗಲು ಬಿಸಿಲು ಹೆಚ್ಚು ಅಂತಲೇ ರಾತ್ರಿ ಹತ್ತುವ ಯೋಚನೆ ಮಾಡಿದ್ದು. ಹೊತ್ತು ಮುಳುಗಿದ ಮೇಲೆ ಹೊರಟೆವು. ಮೊದಲ ಅರ್ಧ ಗಂಟೆ ಕರಿಯ ನಮಗಿಂತ ಮುಂದಿತ್ತು, ಬಾಲ ಮೇಲೆ. ನೋಡಿ, ನಾಯಿಯ ಗುಣವೇ ಅದು. ಯಜಮಾನ ಹೊರಟರೆ ಆಗುವುದಿಲ್ಲ ಎಂದು ಹೇಳುವ ಪ್ರಾಣಿಯಲ್ಲ. ಅದು ಮುಂದೆ ಓಡುತ್ತದೆ ಅಂದರೆ ಅದಕ್ಕೆ ಶಕ್ತಿ ಇದೆ ಎಂದು ತಿಳಿಯುವುದು ನಮ್ಮ ದಡ್ಡತನ.

ನಡುವೆ ಒಂದು ಓರೆ ಬಂಡೆಯ ಮೇಲೆ ಕೂತುಬಿಟ್ಟಿತು. ಹಗ್ಗ ಜಗ್ಗಿದೆವು. ಎದ್ದಿತು, ಹತ್ತು ಹೆಜ್ಜೆ, ಮತ್ತೆ ಕೂತಿತು. ನಾಲಿಗೆ ಉದ್ದ ಚಾಚಿ ಏದುಸಿರು. ಐದು ಜನರ ನಡುವೆ ನಾವು ಒಯ್ದಿದ್ದು ನಾಲ್ಕು ಬಾಟಲಿ ನೀರು, ಅದರಲ್ಲಿ ನಾಯಿಯ ಪಾಲು ಎಂದು ಒಂದೂ ಇರಲಿಲ್ಲ. ಮೊಬೈಲ್ ಬೆಳಕಿನಲ್ಲಿ ಕಾಲು ಎತ್ತಿ ನೋಡಿದರೆ ಅಂಗಾಲು ಒಡೆದು ರಕ್ತ. ತುದಿಯ ಆಸೆ ಅಲ್ಲಿಗೇ ಬಿಟ್ಟು, ಹಾಸಲು ತಂದಿದ್ದ ಕಂಬಳಿಯಲ್ಲಿ ಅದನ್ನು ಮಲಗಿಸಿ, ನಾಲ್ಕು ಮೂಲೆ ನಾಲ್ವರು ಹಿಡಿದು ಇಳಿಸಿದೆವು. ಕೆಳಗೆ ಬರುವಾಗ ನಡುರಾತ್ರಿ ದಾಟಿತ್ತು.

ಗುಡ್ಡದ ಬುಡದಲ್ಲಿ ಕುರಿ ತರುಬಿದ್ದ ತಾತ ಒಬ್ಬರು ನಮ್ಮ ಬೆಳಕು ನೋಡಿ ಬಂದರು. ಕಂಬಳಿಯೊಳಗೆ ಇಣುಕಿ, ‘ಯಾರಿಗೆ ಹುಷಾರಿಲ್ಲಪ್ಪಾ ಅಂದ್ಕಂಡೆ, ನಾಯಿ!’ ಅಂದರು. ನೀರು ಕೊಟ್ಟರು. ಆಮೇಲೆ ಬೈದರು. ‘ನಮ್ಮ ಮುದಿ ನಾಯಿ ಹಟ್ಟ್ಯಾಗ ಮರಿ ಕಾಕಂತ ಬಿದ್ದಿರ್ತತಿ. ಕುರಿ ಹಿಂದ ಗುಡ್ಡಕ್ಕ ಹೋಗಾದು ಹರೇದ ನಾಯಿ. ಇಷ್ಟೂ ತಿಳೀವಲ್ದೇನ್ರೋ ಓದಿದೋರಿಗೆ?’

ಪತ್ರಿಕೋದ್ಯಮದ ಪದವಿ ಹಿಡಿದ ಐವರೂ ತಲೆ ತಗ್ಗಿಸಿ ನಿಂತಿದ್ದೆವು.

ಈಗ ನಮ್ಮ ಗೆಳೆಯರ ವಾದಗಳಿಗೆ ಬರೋಣ. ‘ರಾತ್ರಿ ತಂಪಿರುತ್ತೆ’ ಅನ್ನುತ್ತಾರೆ. ಗಾಳಿ ತಂಪಿರಬಹುದು, ಬಂಡೆ ಅಲ್ಲ. ಬಳ್ಳಾರಿ ಸೀಮೆಯಲ್ಲಿ ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುವ ಬಿಸಿಲನ್ನು ದಿನವಿಡೀ ಕುಡಿದ ಬಂಡೆ ಅದನ್ನು ರಾತ್ರಿ ಬಹಳ ಹೊತ್ತು ನಿಧಾನವಾಗಿ ಬಿಡುತ್ತಿರುತ್ತದೆ. ಬಳ್ಳಾರಿ ಕೋಟೆ ಗುಡ್ಡದ ಸುತ್ತ ಮನೆ ಇರುವವರನ್ನು ಕೇಳಿ, ಅವರಿಗೆ ಗೊತ್ತು. ನಮ್ಮ ಕಾಲಿಗೆ ಬೂಟು ಇದೆ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ಏದುಸಿರು ಬಿಟ್ಟೇ ಅದು ಮೈ ತಣಿಸಿಕೊಳ್ಳಬೇಕು. ವಯಸ್ಸಾದ ಮೇಲೆ ಅದೂ ಕಷ್ಟ. ಕಣ್ಣಿಗೆ ಪೊರೆ ಬಂದಿದ್ದರೆ ಕತ್ತಲಲ್ಲಿ ಬಂಡೆಯ ಸಂದು ಕಾಣುವುದಿಲ್ಲ.

ಎರಡನೆಯ ವಾದ ಇನ್ನೂ ಅಪಾಯದ್ದು: ‘ಚಿರತೆ, ಕರಡಿ ಬಂದರೆ ನಾಯಿ ಕಾಯುತ್ತೆ.’ ಕರಡಿಗಳಿಗಾಗಿಯೇ ದರೋಜಿ ಧಾಮ ಮಾಡಿರುವ ಸೀಮೆ ನಮ್ಮದು. ಇಲ್ಲಿನ ಕಲ್ಲುಗುಡ್ಡಗಳ ಗವಿ, ಪೊಟರೆಗಳೇ ಅವುಗಳ ಮನೆ, ಅವು ಓಡಾಡುವುದು ಹೆಚ್ಚಾಗಿ ರಾತ್ರಿ. ಚಿರತೆಗೆ ನಾಯಿ ಕಾವಲುಗಾರನಲ್ಲ, ಊಟ. ಹಳ್ಳಿಯಲ್ಲಿ ಚಿರತೆ ಬಂತು ಅಂದರೆ ಮೊದಲು ಕಾಣೆಯಾಗುವುದು ಯಾರ ಮನೆಯ ಯಾವ ಪ್ರಾಣಿ ಎಂದು ನಿಮಗೇ ತಿಳಿದಿದೆ. ಇನ್ನು ಕರಡಿಯನ್ನು ಕಂಡು ಬೊಗಳಿದ ನಾಯಿ ಹೆದರಿ ವಾಪಸ್ ಓಡಿಬರುವುದು ಯಜಮಾನನ ಕಾಲಬುಡಕ್ಕೆ. ಹಿಂದೆ ಕರಡಿಯೂ ಬರುತ್ತದೆ.

ನಾಯಿ ವಿಷಯದಲ್ಲಿ ನಮ್ಮ ಜನರ ನಡವಳಿಕೆಯೇ ವಿಚಿತ್ರ. ಮೈಲಾರಲಿಂಗನ ಒಕ್ಕಲು ಇಲ್ಲಿ ಮನೆಮನೆಯಲ್ಲೂ ಇದ್ದಾರೆ. ಕರಿ ಕಂಬಳಿಯ ಗೊರವಯ್ಯ ತಾನು ದೇವರ ನಾಯಿ ಎಂದು ಬೊಗಳಿ, ದೋಣಿಯಲ್ಲಿಟ್ಟ ಎಡೆಗೆ ಬಾಯಿ ಹಾಕಿದರೆ ಕೈ ಮುಗಿಯುತ್ತೇವೆ. ಮನೆಯ ನಾಯಿ ಮುದಿಯಾದರೆ ಚೀಲದಲ್ಲಿ ಹಾಕಿ ಪರ ಊರಿನ ರಸ್ತೆಗೆ ಬಿಟ್ಟು ಬರುವವರೂ ನಾವೇ. ಗುಡ್ಡಕ್ಕೆ ಒಯ್ದು, ಇಳಿಯುವಾಗ ‘ಬರ್ಲಿಲ್ಲ, ಅಲ್ಲೇ ಉಳೀತು’ ಎಂದವರ ಮಾತನ್ನೂ ಕೇಳಿದ್ದೇವೆ.

ಕಾನೂನು ಏನು ಮಾಡುತ್ತದೆ? 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ ವಯಸ್ಸಾಗಿ ಅಶಕ್ತವಾದ ಪ್ರಾಣಿಯನ್ನು ದುಡಿಸುವುದೂ ತಪ್ಪು, ಸಾಕಿದ ಪ್ರಾಣಿಯನ್ನು ಉಪವಾಸ ಸಾಯಲು ಬಿಟ್ಟು ಹೋಗುವುದೂ ತಪ್ಪು. ಮೊದಲ ಸಲದ ದಂಡ 10ರಿಂದ 50 ರೂಪಾಯಿ. ಬಳ್ಳಾರಿ ಬಸ್ ಸ್ಟ್ಯಾಂಡಿನಲ್ಲಿ ಆ ದುಡ್ಡಿಗೆ ಒಂದು ಪ್ಲೇಟ್ ಒಗ್ಗರಣೆ, ಮಿರ್ಚಿ ಬರುತ್ತದೆ. ಕಾನೂನಿಗೆ ಹೆದರಿ ಯಾರೂ ನಿಲ್ಲಿಸುವುದಿಲ್ಲ ಎಂದೇ ಇಷ್ಟು ಬರೆಯುತ್ತಿದ್ದೇವೆ.

ಇನ್ನೊಂದು ತಪ್ಪನ್ನೂ ಹೇಳಿಬಿಡುತ್ತೇವೆ. ಆ ರಾತ್ರಿ ನಮ್ಮಲ್ಲೊಬ್ಬರು ಜೇಬಿನಲ್ಲಿದ್ದ ನೋವಿನ ಮಾತ್ರೆಯನ್ನು ಕರಿಯನಿಗೆ ಕೊಡಲು ಹೋಗಿದ್ದರು. ಅದು ಬಾಯಿ ಬಿಡಲಿಲ್ಲ, ಬದುಕಿತು. ಮನುಷ್ಯರ ನೋವಿನ ಮಾತ್ರೆ ನಾಯಿಗೆ ವಿಷವಾಗಬಹುದು, ಅದರ ಹೊಟ್ಟೆ, ಮೂತ್ರಪಿಂಡ, ಪಿತ್ತಜನಕಾಂಗ ಹಾಳಾಗಬಹುದು ಎಂದು ಮರುದಿನ ಪಶುವೈದ್ಯರು ಹೇಳಿದರು. ಗಾಯಕ್ಕೆ ಶುದ್ಧ ನೀರು, ಬಟ್ಟೆ ಸಾಕು, ಉಳಿದದ್ದು ಡಾಕ್ಟರಿಗೆ ಬಿಡಿ.

ಕರಿಯ ಈಗ ಬೇವಿನ ಮರದ ಕೆಳಗೆ ಮಲಗಿರುತ್ತದೆ. ಸಂಜೆ ಕಾಲುವೆ ತನಕ ಹೋಗಿ ತಾನೇ ತಿರುಗಿ ಬರುತ್ತದೆ. ಟಾಟಾ ಏಸ್ ಸದ್ದು ಕೇಳಿದರೆ ಮಾತ್ರ ಎದ್ದು ಮನೆಯೊಳಗೆ ಹೋಗುತ್ತದೆ.

ಗುಂಪಿನ ಗೆಳೆಯರಿಗೆ ಉತ್ತರ ಬರೆದಿದ್ದೇವೆ. ಈ ಹುಣ್ಣಿಮೆಗೆ ನಮ್ಮಲ್ಲಿ ನಾಲ್ವರು ಬರುತ್ತಾರೆ. ಒಬ್ಬರು ಸಿರುಗುಪ್ಪದಲ್ಲೇ ಉಳಿಯುತ್ತಾರೆ, ಕರಿಯನಿಗೆ ರಾತ್ರಿ ಗಂಜಿ ಹಾಕಬೇಕು.