ಕೌನ್ಸಿಲರ್ ಇಲ್ಲ, ಶಾಸಕರೂ ಇಲ್ಲ: ಕೊರೊನಾ ಕಾಲದ ತಿರುವೊಟ್ಟಿಯೂರು ಬೆಂಗಳೂರಿಗೆ ಹೇಳುವ ಪಾಠವೇನು?

ಚೆನ್ನೈ ಮಹಾನಗರ ಪಾಲಿಕೆಗೆ ಐದು ವರ್ಷಗಳಿಗೂ ಹೆಚ್ಚು ಕಾಲದ ನಂತರ 2022ರಲ್ಲಿ ಚುನಾಯಿತ ಮೇಯರ್ ಸಿಕ್ಕರು. ಮಾರ್ಚ್ 4ರಂದು ಅಧಿಕಾರ ವಹಿಸಿಕೊಂಡ ಡಿಎಂಕೆಯ ಆರ್. ಪ್ರಿಯಾ ಪಾಲಿಕೆಯ ಮೊದಲ ದಲಿತ ಮಹಿಳಾ ಮೇಯರ್. ಅದರಲ್ಲೂ, ಕಡೆಗಣಿಸಲ್ಪಟ್ಟ ಪ್ರದೇಶ ಎಂದೇ ಹೆಸರಾದ ಉತ್ತರ ಚೆನ್ನೈನವರು. ಆಗ ಎಲ್ಲೆಡೆ ಇದೇ ದೊಡ್ಡ ಸುದ್ದಿ. ಆದರೆ ಪಾಲಿಕೆಯ ಉತ್ತರ ತುದಿಯಲ್ಲಿರುವ ತಿರುವೊಟ್ಟಿಯೂರಿನ ಮಟ್ಟಿಗೆ ಸುದ್ದಿ ಇನ್ನೂ ಸರಳವಾದದ್ದು. ನಲ್ಲಿಯಲ್ಲಿ ನೀರು ಬಾರದಿದ್ದರೆ, ಬೀದಿಗೆ ಕಸದ ಗಾಡಿ ಬಾರದಿದ್ದರೆ ಯಾರ ಮನೆ ಬಾಗಿಲು ತಟ್ಟಬೇಕು ಎಂಬ ಪ್ರಶ್ನೆಗೆ ಆಗ ಅಲ್ಲಿ ಉತ್ತರ ಸಿಕ್ಕಿತು.

ಕೊರೊನಾದ ಎರಡು ದೊಡ್ಡ ಅಲೆಗಳು ಬಂದು ಹೋದಾಗ ಈ ಉತ್ತರ ಇರಲಿಲ್ಲ. ಮೊದಲ ಅಲೆಯಲ್ಲಂತೂ ತಿರುವೊಟ್ಟಿಯೂರಿಗೆ ಕೌನ್ಸಿಲರ್ ಇರಲಿಲ್ಲ, ಶಾಸಕರೂ ಇರಲಿಲ್ಲ. ಹಾಗಾದರೆ ಆ ದಿನಗಳಲ್ಲಿ ಅಲ್ಲಿನ ಜನ ಯಾರನ್ನು ನೆಚ್ಚಿಕೊಂಡರು? ಈ ಪ್ರಶ್ನೆ ಚೆನ್ನೈಗೆ ಎಷ್ಟು ಮುಖ್ಯವೋ, 2022ರಲ್ಲಿ ಕಾರ್ಪೊರೇಟರ್‌ಗಳೇ ಇಲ್ಲದ ಬೆಂಗಳೂರಿಗೂ ಅಷ್ಟೇ ಮುಖ್ಯ.

ಪುರಸಭೆ ಹೋಯಿತು, ನಂತರ ಕೌನ್ಸಿಲರ್ ಕೂಡ

ತಿರುವೊಟ್ಟಿಯೂರು ಹಳೆಯ ಊರು. ತ್ಯಾಗರಾಜ ಸ್ವಾಮಿ ದೇವಸ್ಥಾನ ಮತ್ತು ವಡಿವುಡೈ ಅಮ್ಮನ್ ಸನ್ನಿಧಿಯಿಂದ ಪ್ರಸಿದ್ಧ. ಒಂದು ಕಡೆ ಸಮುದ್ರ, ದಡದಲ್ಲಿ ಮೀನುಗಾರರ ಕುಪ್ಪಗಳು, ಇನ್ನೊಂದು ಕಡೆ ಕಾರ್ಖಾನೆಗಳು. ಎಂಆರ್‌ಎಫ್ ಕಂಪನಿ 1946ರಲ್ಲಿ ಆಟಿಕೆ ಬಲೂನು ತಯಾರಿಸುತ್ತಾ ಶುರುವಾಗಿದ್ದು ಇಲ್ಲೇ. ರಾಯಲ್ ಎನ್‌ಫೀಲ್ಡ್ ಬೈಕುಗಳ ಹಳೆಯ ಕಾರ್ಖಾನೆ ಇರುವುದೂ ಇಲ್ಲೇ. 2011ರ ಜನಗಣತಿಯಂತೆ ಇಲ್ಲಿನ ಜನಸಂಖ್ಯೆ ಸುಮಾರು ಎರಡೂವರೆ ಲಕ್ಷ.

2011ರವರೆಗೆ ತಿರುವೊಟ್ಟಿಯೂರಿಗೆ ತನ್ನದೇ ಪುರಸಭೆ ಇತ್ತು. ಆ ವರ್ಷ ಚೆನ್ನೈ ಪಾಲಿಕೆಯ ವ್ಯಾಪ್ತಿ 174ರಿಂದ 426 ಚದರ ಕಿಲೋಮೀಟರ್‌ಗೆ ಹಿಗ್ಗಿತು, ವಾರ್ಡುಗಳು 155ರಿಂದ 200ಕ್ಕೇರಿದವು. ತಿರುವೊಟ್ಟಿಯೂರು ಪಾಲಿಕೆಯೊಳಗೆ ಸೇರಿ ಒಂದನೇ ವಲಯವಾಯಿತು. ಎಣ್ಣೂರು ಭಾಗವೂ ಸೇರಿದಂತೆ ಈ ವಲಯದಲ್ಲಿ 14 ವಾರ್ಡುಗಳಿದ್ದವು.

2011ರಲ್ಲಿ ಆಯ್ಕೆಯಾದ ಕೌನ್ಸಿಲರ್‌ಗಳ ಅವಧಿ 2016ರ ಅಕ್ಟೋಬರ್‌ನಲ್ಲಿ ಮುಗಿಯಿತು. ಅದೇ ತಿಂಗಳು ನಡೆಯಬೇಕಿದ್ದ ಚುನಾವಣೆಯ ಅಧಿಸೂಚನೆಯನ್ನು ಮೀಸಲಾತಿ ಕುರಿತ ತಕರಾರಿನ ಮೇಲೆ ಮದ್ರಾಸ್ ಹೈಕೋರ್ಟ್ ರದ್ದುಪಡಿಸಿತು. ಆಮೇಲೆ ವಾರ್ಡ್ ಮರುವಿಂಗಡಣೆ, ಮತ್ತೆ ಕೋರ್ಟು, ಮತ್ತೆ ಗಡುವು. ಹೀಗೆ ದಿನ ತಳ್ಳುತ್ತಾ ಮತದಾನ ನಡೆದಿದ್ದು 2022ರ ಫೆಬ್ರವರಿ 19ರಂದು. ಅಲ್ಲಿಯವರೆಗೆ ಪಾಲಿಕೆ ಆಯುಕ್ತರೇ ವಿಶೇಷಾಧಿಕಾರಿಯಾಗಿ ಇಡೀ ನಗರದ ಆಡಳಿತ ನೋಡಿಕೊಂಡರು.

ಲಾಕ್‌ಡೌನ್‌ಗೆ ಒಂದು ತಿಂಗಳ ಮುನ್ನ

ಕೌನ್ಸಿಲರ್ ಇಲ್ಲದಿದ್ದರೂ ಶಾಸಕರ ಕಚೇರಿ ಎಂಬುದೊಂದು ಇರುತ್ತದಲ್ಲ? ತಿರುವೊಟ್ಟಿಯೂರಿನಲ್ಲಿ ಅದೂ ಕೈತಪ್ಪಿತು. ಶಾಸಕ, ಮಾಜಿ ಮೀನುಗಾರಿಕೆ ಸಚಿವ ಕೆ.ಪಿ.ಪಿ. ಸಾಮಿ 2020ರ ಫೆಬ್ರವರಿ 27ರಂದು ಅನಾರೋಗ್ಯದಿಂದ ನಿಧನರಾದರು. ಅದಾಗಿ ಒಂದು ತಿಂಗಳೊಳಗೆ, ಮಾರ್ಚ್ 25ರಿಂದ, ದೇಶವೇ ಲಾಕ್‌ಡೌನ್ ಆಯಿತು.

ತೆರವಾದ ಸ್ಥಾನಕ್ಕೆ ಆರು ತಿಂಗಳೊಳಗೆ ಉಪಚುನಾವಣೆ ನಡೆಸಬೇಕು ಎಂಬುದು ಜನಪ್ರತಿನಿಧಿ ಕಾಯ್ದೆಯ ನಿಯಮ. ಕಷ್ಟದ ಪರಿಸ್ಥಿತಿಯಿದ್ದರೆ ಮುಂದೂಡಲು ಅದೇ ಕಾಯ್ದೆ ಅವಕಾಶವನ್ನೂ ಕೊಡುತ್ತದೆ. ಸಾಂಕ್ರಾಮಿಕದ ಕಾರಣಕ್ಕೆ ಉಪಚುನಾವಣೆ ಮುಂದಕ್ಕೆ ಹೋಯಿತು, ಕೊನೆಗೆ ನಡೆಯಲೇ ಇಲ್ಲ. 2021ರ ಏಪ್ರಿಲ್ 6ರ ಸಾರ್ವತ್ರಿಕ ಚುನಾವಣೆಯಲ್ಲಿ ಸಾಮಿ ಅವರ ಸಹೋದರ ಕೆ.ಪಿ. ಶಂಕರ್ ಗೆದ್ದರು. ಫಲಿತಾಂಶ ಬಂದಿದ್ದು ಮೇ 2ರಂದು, ಅಂದರೆ ಎರಡನೇ ಅಲೆ ಏರುತ್ತಿದ್ದಾಗ. ಸುಮಾರು ಹದಿನಾಲ್ಕು ತಿಂಗಳು ಈ ಕ್ಷೇತ್ರದ ಜನರಿಗೆ ಸ್ಥಳೀಯವಾಗಿ ಚುನಾಯಿತ ಪ್ರತಿನಿಧಿಯೇ ಇರಲಿಲ್ಲ. ಇದ್ದವರು ಇಡೀ ಉತ್ತರ ಚೆನ್ನೈ ಲೋಕಸಭಾ ಕ್ಷೇತ್ರ ನೋಡಿಕೊಳ್ಳಬೇಕಾದ ಸಂಸದರೊಬ್ಬರೇ.

ಪಟ್ಟಿಯ ಮೊದಲ ಸಾಲು

ಆಗ ಚೆನ್ನೈ ಪಾಲಿಕೆ ಪ್ರತಿದಿನ ವಲಯವಾರು ಸೋಂಕಿತರ ಪಟ್ಟಿ ಪ್ರಕಟಿಸುತ್ತಿತ್ತು. ಒಂದನೇ ವಲಯವಾದ್ದರಿಂದ ಅದರ ಮೊದಲ ಸಾಲಿನಲ್ಲಿ ತಿರುವೊಟ್ಟಿಯೂರು. ನಾಲ್ಕನೇ ವಲಯ ತಂಡಿಯಾರ್‌ಪೇಟೆ, ಐದನೆಯದು ರಾಯಪುರಂ. ಮೊದಲ ಅಲೆಯಲ್ಲಿ ಚೆನ್ನೈನಲ್ಲೇ ಹೆಚ್ಚು ಸೋಂಕು ಕಂಡ ವಲಯಗಳಲ್ಲಿ ಈ ಎರಡೂ ಇದ್ದವು. ತಿರುವೊಟ್ಟಿಯೂರಿನವರು ಆಸ್ಪತ್ರೆಗೆ, ಕೆಲಸಕ್ಕೆ, ಮೀನಿನ ವ್ಯಾಪಾರಕ್ಕೆ ಹೋಗುವುದು ಅದೇ ದಿಕ್ಕಿಗೆ. ಸರ್ಕಾರಿ ಸ್ಟಾನ್ಲಿ ಆಸ್ಪತ್ರೆ, ಕಾಸಿಮೇಡು ಮೀನುಗಾರಿಕಾ ಬಂದರು ಎಲ್ಲವೂ ಆ ಕಡೆಯೇ ಇವೆ.

2020ರ ಜೂನ್ ಕೊನೆಯ ಹೊತ್ತಿಗೆ ಚೆನ್ನೈನಲ್ಲಿ ಒಟ್ಟು ಪ್ರಕರಣಗಳು 50 ಸಾವಿರ ದಾಟಿದ್ದವು. ಜೂನ್ 19ರಿಂದ ನಗರಕ್ಕೆ ಮತ್ತೆ ಬಿಗಿ ಲಾಕ್‌ಡೌನ್ ಬಂತು. ದಿನಸಿ ಅಂಗಡಿ ಮಧ್ಯಾಹ್ನ 2ರವರೆಗೆ ಮಾತ್ರ. ಸಾಮಾನು ತರಲು ಗಾಡಿ ತೆಗೆಯುವಂತಿಲ್ಲ, ಮನೆಯ ಹತ್ತಿರದ ಅಂಗಡಿಗೆ ನಡೆದೇ ಹೋಗಬೇಕು.

ಪಟ್ಟಿಯಲ್ಲಿ ಸಂಖ್ಯೆ ಇರುತ್ತಿತ್ತು. ಆದರೆ ಯಾವ ಮನೆಯಲ್ಲಿ ಅಜ್ಜಿ ಒಬ್ಬರೇ ಇದ್ದಾರೆ, ಯಾರ ಡಯಾಬಿಟಿಸ್ ಮಾತ್ರೆ ಮುಗಿದಿದೆ, ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ ಎಂಬ ಸುದ್ದಿ ಅದರಲ್ಲಿ ಇರುವುದಿಲ್ಲ. ಅದು ಗೊತ್ತಿರುವುದು ಪಕ್ಕದ ಮನೆಯವರಿಗೆ ಮಾತ್ರ. ಬೀದಿಯ ವಾಟ್ಸಾಪ್ ಗ್ರೂಪು, ನೀರಿನ ಲಾರಿ ಬಂದಾಗ ಕೊಡ ಹಿಡಿದು ನಿಂತ ಸಾಲು, ಮೂಲೆಯ ಅಂಗಡಿ. ಸಾಂಕ್ರಾಮಿಕದಲ್ಲಿ ಊರಿನ ನಿಜವಾದ ಸುದ್ದಿ ಓಡಾಡುವುದು ಇಂಥ ಕಡೆಗಳಲ್ಲೇ.

ಪಾಲಿಕೆಯೂ ಕೊನೆಗೆ ಇದನ್ನೇ ನೆಚ್ಚಿಕೊಂಡಿತು. ಮನೆ ಮನೆಗೆ ಹೋಗಿ ಜ್ವರ ವಿಚಾರಿಸಲು ಸಾವಿರಾರು ಮಂದಿಯನ್ನು ಇಳಿಸಿತು, ಬೀದಿ ಬೀದಿಯಲ್ಲಿ ಜ್ವರ ತಪಾಸಣಾ ಶಿಬಿರ ನಡೆಸಿತು. ಮನೆಯಲ್ಲೇ ಪ್ರತ್ಯೇಕವಾಗಿರುವವರಿಗೆ ಹಾಲು, ತರಕಾರಿ, ಔಷಧ ತಂದುಕೊಡಲು 'ಫೋಕಸ್' ಎಂಬ ಹೆಸರಿನಲ್ಲಿ ಸ್ವಯಂಸೇವಕರನ್ನು ನೇಮಿಸಿತು. ಯೋಚಿಸಿ ನೋಡಿದರೆ, ಒಳ್ಳೆಯ ನೆರೆಯವರು ಮಾಡುವ ಕೆಲಸಕ್ಕೆ ಪಾಲಿಕೆ ಗುರುತಿನ ಚೀಟಿ ಕೊಟ್ಟಿತು ಅಷ್ಟೇ. 2013ರಿಂದ ನಡೆಯುತ್ತಿರುವ ಅಮ್ಮಾ ಉಣವಗಂಗಳು ದುಡಿಮೆ ನಿಂತವರ ಹೊಟ್ಟೆ ತುಂಬಿಸಿದವು.

ಕರಾವಳಿಯ ಕುಪ್ಪಗಳಲ್ಲಿ ಕಷ್ಟ ಬೇರೆ ಬಗೆಯದು. ಲಾಕ್‌ಡೌನ್‌ಗೆ ದೋಣಿಗಳು ದಡಕ್ಕೆ ಬಂದವು. ಅದು ಸಡಿಲವಾಗುವ ಮುನ್ನವೇ, ಏಪ್ರಿಲ್ 15ರಿಂದ, ಯಾಂತ್ರಿಕ ದೋಣಿಗಳಿಗೆ ವಾರ್ಷಿಕ ಮೀನುಗಾರಿಕೆ ನಿಷೇಧ ಶುರುವಾಯಿತು. 61 ದಿನಗಳ ನಿಷೇಧವನ್ನು ಆ ವರ್ಷ 47 ದಿನಕ್ಕೆ ಇಳಿಸಿದರೂ ಎರಡು ತಿಂಗಳ ದುಡಿಮೆ ಹೋಗಿಯಾಗಿತ್ತು. ಈ ಕರಾವಳಿಯ ಮೀನುಗಾರ ಹಳ್ಳಿಗಳಲ್ಲಿ ಹಿಂದಿನಿಂದ ಬಂದ ಊರ ಪಂಚಾಯತಿಗಳಿವೆ. ಸರ್ಕಾರದ ನೆರವು ಯಾರಿಗೆ ಬಂತು, ಯಾರಿಗೆ ತಪ್ಪಿತು ಎಂದು ಕೇಳುವ ದನಿ ಕುಪ್ಪಗಳಿಗೆ ಇಂಥ ಕಟ್ಟುಗಳಿಂದ ಸಿಗುತ್ತದೆ. ಒಳಬೀದಿಗಳ ಬಾಡಿಗೆ ಮನೆಯವರಿಗೆ ಅದೂ ಇಲ್ಲ.

ನೆರೆಹೊರೆಯ ಇನ್ನೊಂದು ಮುಖ

ಹಾಗೆಂದು ನೆರೆಹೊರೆ ಯಾವಾಗಲೂ ಕೈ ಹಿಡಿಯುತ್ತದೆ ಎನ್ನುವಂತಿಲ್ಲ. 2020ರ ಏಪ್ರಿಲ್ 19ರಂದು ಕೊರೊನಾದಿಂದ ಮೃತಪಟ್ಟ ನರಶಸ್ತ್ರಚಿಕಿತ್ಸಾ ತಜ್ಞರೊಬ್ಬರ ಅಂತ್ಯಕ್ರಿಯೆಗೆ ಚೆನ್ನೈನಲ್ಲೇ ಜನ ಅಡ್ಡಿಪಡಿಸಿದರು, ಶವ ತಂದಿದ್ದ ಆಂಬ್ಯುಲೆನ್ಸ್ ಮೇಲೆ ಕಲ್ಲು ತೂರಿದರು. ಮದ್ರಾಸ್ ಹೈಕೋರ್ಟ್ ಸ್ವಯಂಪ್ರೇರಿತವಾಗಿ ವಿಚಾರಣೆ ಕೈಗೆತ್ತಿಕೊಂಡಿತು. ಇಂಥ ಅಡ್ಡಿಯನ್ನು ಶಿಕ್ಷಾರ್ಹ ಅಪರಾಧ ಮಾಡಲು ತಮಿಳುನಾಡು ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು.

ಬೆಂಗಳೂರು ಇದಕ್ಕೆ ಹೊರತಾಗಿರಲಿಲ್ಲ. 2020ರ ಜುಲೈನಲ್ಲಿ ಅಪಾರ್ಟ್‌ಮೆಂಟ್ ಒಂದರ ಎರಡು ಮನೆಗಳ ಬಾಗಿಲಿಗೆ ಸಿಬ್ಬಂದಿ ತಗಡಿನ ಶೀಟು ಹೊಡೆದಿದ್ದು ಸುದ್ದಿಯಾದಾಗ ಬಿಬಿಎಂಪಿ ಆಯುಕ್ತರಾಗಿದ್ದ ಎನ್. ಮಂಜುನಾಥ ಪ್ರಸಾದ್ ಬಹಿರಂಗವಾಗಿ ಕ್ಷಮೆ ಕೇಳಿದ್ದರು. ಭಯ ಬಂದಾಗ ನೆರೆಯವರು ಅಕ್ಕಿಯನ್ನೂ ತರಬಹುದು, ಕಲ್ಲನ್ನೂ ಎತ್ತಬಹುದು. ಹಾಗಾಗದಂತೆ ಬೀದಿಯ ಜನರ ನಡುವೆ ನಿಂತು ಮಾತನಾಡಿ ಸಮಾಧಾನ ಮಾಡುವವರು ಬೇಕು. ಅದು ಬೇರೆ ಊರಿನಿಂದ ವರ್ಗವಾಗಿ ಬಂದ ಅಧಿಕಾರಿಗೆ ಸುಲಭದ ಕೆಲಸವಲ್ಲ.

ಐವರು ಸಚಿವರು, ಹದಿನೈದು ವಲಯ

ಕೆಳಗಿನ ಖಾಲಿ ಜಾಗವನ್ನು ಸರ್ಕಾರ ಮೇಲಿನಿಂದ ತುಂಬಲು ನೋಡಿತು. 2020ರ ಜೂನ್‌ನಲ್ಲಿ ಆಗಿನ ಮುಖ್ಯಮಂತ್ರಿ ಎಡಪ್ಪಾಡಿ ಕೆ. ಪಳನಿಸ್ವಾಮಿ ಚೆನ್ನೈನ 15 ವಲಯಗಳಿಗೆ ಐವರು ಸಚಿವರನ್ನು ಉಸ್ತುವಾರಿಗೆ ನೇಮಿಸಿದರು, ಜೊತೆಗೆ ಐಎಎಸ್ ಅಧಿಕಾರಿಗಳು. ಬೆಡ್ ಹೆಚ್ಚಿಸುವುದು, ಪರೀಕ್ಷೆ ಹೆಚ್ಚಿಸುವುದು, ಆಂಬ್ಯುಲೆನ್ಸ್ ಒದಗಿಸುವುದು ಇಂಥ ವ್ಯವಸ್ಥೆಯಿಂದ ಆಗುತ್ತದೆ. ಆಗಿದೆ ಕೂಡ.

ಆಗದಿರುವುದು ಮತ್ತೊಂದು ಕೆಲಸ. ಆ ಏಪ್ರಿಲ್‌ನಲ್ಲಿ ಅಕ್ಕಿ ಕಾರ್ಡ್ ಇದ್ದ ಕುಟುಂಬಗಳಿಗೆ ತಮಿಳುನಾಡು ಸರ್ಕಾರ ತಲಾ 1,000 ರೂಪಾಯಿ ಮತ್ತು ಉಚಿತ ಪಡಿತರ ಕೊಟ್ಟಿತು. ಕಾರ್ಡ್ ಇಲ್ಲದ, ಕಾರ್ಖಾನೆ ಕೆಲಸಕ್ಕೆಂದು ಬೇರೆ ರಾಜ್ಯದಿಂದ ಬಂದು ಬಾಡಿಗೆ ಕೋಣೆಯಲ್ಲಿರುವ ಕಾರ್ಮಿಕ ಆ ಲೆಕ್ಕದಲ್ಲಿ ಸೇರುವುದಿಲ್ಲ. ಪಕ್ಕದ ಮನೆಯವರು ಅವನಿಗೆ ಎರಡು ದಿನ ಊಟ ಕೊಡಬಹುದು. ಆದರೆ ವಲಯ ಕಚೇರಿಗೆ ಹೋಗಿ 'ನನ್ನ ವಾರ್ಡಿನಲ್ಲಿ ಇಂಥ ಇಷ್ಟು ಜನ ಇದ್ದಾರೆ, ಇವರಿಗೇನು ವ್ಯವಸ್ಥೆ?' ಎಂದು ಅಧಿಕಾರದಿಂದ ಕೇಳಲು ಅವರಿಗೆ ಸಾಧ್ಯವಿಲ್ಲ. ಕೇಳಿದರೂ ಉತ್ತರ ಕೊಡಲೇಬೇಕೆಂಬ ಕಟ್ಟುಪಾಡು ಅಧಿಕಾರಿಗಿಲ್ಲ. ನೆರೆಯವರ ಸಹಾಯಕ್ಕೂ ಜನಪ್ರತಿನಿಧಿಯ ಕೆಲಸಕ್ಕೂ ಇರುವ ವ್ಯತ್ಯಾಸ ಇದೇ.

ಕೇರಳದಲ್ಲಿ ಈ ಎರಡೂ ಒಟ್ಟಿಗೆ ಕೆಲಸ ಮಾಡಿದ್ದನ್ನು ನೋಡಬಹುದು. ಅಲ್ಲಿ ಸ್ಥಳೀಯ ಸಂಸ್ಥೆಗಳು ಕುಟುಂಬಶ್ರೀ ಮಹಿಳೆಯರೊಂದಿಗೆ ಸೇರಿ ಸಾವಿರಕ್ಕೂ ಹೆಚ್ಚು ಸಮುದಾಯ ಅಡುಗೆಮನೆ ನಡೆಸಿದವು. ಊಟ ಯಾರಿಗೆ ತಲುಪಬೇಕೆಂಬ ಪಟ್ಟಿ ವಾರ್ಡ್ ಸದಸ್ಯರ ಬಳಿ ಇತ್ತು. ಸಾಂಕ್ರಾಮಿಕದ ನಡುವೆಯೇ, 2020ರ ಡಿಸೆಂಬರ್‌ನಲ್ಲಿ, ಅಲ್ಲಿ ಸ್ಥಳೀಯ ಸಂಸ್ಥೆಗಳ ಚುನಾವಣೆಯೂ ನಡೆಯಿತು. ಕರ್ನಾಟಕದಲ್ಲೂ ಅದೇ ತಿಂಗಳು ಗ್ರಾಮ ಪಂಚಾಯಿತಿ ಚುನಾವಣೆ ನಡೆಯಿತು. ಅಂದರೆ ಮನಸ್ಸಿದ್ದರೆ ಚುನಾವಣೆ ನಡೆಸಲು ಕೊರೊನಾ ಅಡ್ಡಿಯಾಗಿರಲಿಲ್ಲ.

ಈಗ ಬೆಂಗಳೂರಿನ ಸರದಿ

ಹಳ್ಳಿಗಳಿಗೆ ಚುನಾವಣೆ ನಡೆಸಿದ ಕರ್ನಾಟಕ, ರಾಜಧಾನಿಯನ್ನು ಮಾತ್ರ ಹಾಗೇ ಬಿಟ್ಟಿತು. ಬಿಬಿಎಂಪಿಯ 198 ಕಾರ್ಪೊರೇಟರ್‌ಗಳ ಅವಧಿ ಮುಗಿದಿದ್ದು 2020ರ ಸೆಪ್ಟೆಂಬರ್ 10ಕ್ಕೆ. ಆರು ವಾರದಲ್ಲಿ ಚುನಾವಣೆ ಘೋಷಿಸಿ ಎಂದು ಆ ಡಿಸೆಂಬರ್‌ನಲ್ಲಿ ಹೈಕೋರ್ಟ್ ಹೇಳಿತು. ಅದಕ್ಕೆ ಸುಪ್ರೀಂ ಕೋರ್ಟ್ ತಡೆ ನೀಡಿತು. ವಾರ್ಡುಗಳನ್ನು 243ಕ್ಕೆ ಏರಿಸುವ ಹೊಸ ಕಾಯ್ದೆ ಬಂದು ಒಂದು ವರ್ಷ ದಾಟಿದರೂ 2022ರ ಮಾರ್ಚ್ ಹೊತ್ತಿಗೆ ಚುನಾವಣೆಯ ದಿನಾಂಕ ಇನ್ನೂ ಕಾಣುತ್ತಿರಲಿಲ್ಲ. ಮರುವಿಂಗಡಣೆ, ಮೀಸಲಾತಿ, ಕೋರ್ಟು: ಚೆನ್ನೈ 2016ರಲ್ಲಿ ಹಿಡಿದ ದಾರಿಯೇ ಇದು.

2021ರ ಮೇ 5ರಂದು ಕರ್ನಾಟಕದಲ್ಲಿ ಒಂದೇ ದಿನ 50 ಸಾವಿರಕ್ಕೂ ಹೆಚ್ಚು ಪ್ರಕರಣ ದಾಖಲಾಗಿದ್ದವು. ಅದರಲ್ಲಿ 23 ಸಾವಿರಕ್ಕೂ ಹೆಚ್ಚು ಬೆಂಗಳೂರಿನದ್ದೇ. ಬೆಡ್‌ಗಾಗಿ, ಆಕ್ಸಿಜನ್‌ಗಾಗಿ ಜನ ಕಂಡ ಕಂಡ ನಂಬರಿಗೆಲ್ಲಾ ಫೋನ್ ಮಾಡುತ್ತಿದ್ದ ಆ ದಿನಗಳಲ್ಲಿ ನಗರದ ಒಂದು ವಾರ್ಡಿಗೂ ಹಾಲಿ ಕಾರ್ಪೊರೇಟರ್ ಇರಲಿಲ್ಲ. ಅಪಾರ್ಟ್‌ಮೆಂಟ್ ಸಂಘ ಇದ್ದವರು ತಮ್ಮಲ್ಲೇ ಹಣ ಕೂಡಿಸಿ ಆಕ್ಸಿಜನ್ ಕಾನ್ಸಂಟ್ರೇಟರ್ ತರಬಲ್ಲರು. ವಠಾರದ ಸಣ್ಣ ಮನೆಗಳಲ್ಲಿರುವವರು ಏನು ಮಾಡಬೇಕು?

ಪಾಲಿಕೆಯ ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿಸಬೇಕು ಎಂದು ಸಂವಿಧಾನದ 243ಯು ವಿಧಿ ಹೇಳುತ್ತದೆ. ಚೆನ್ನೈ ಇದನ್ನು ಐದು ವರ್ಷ ಮೀರಿತು, ಬೆಂಗಳೂರು 2022ರ ಮಾರ್ಚ್ ಹೊತ್ತಿಗೇ ಒಂದೂವರೆ ವರ್ಷ ಮೀರಿತ್ತು.

ಚುನಾವಣೆ ನಡೆದ ಮಾತ್ರಕ್ಕೆ ಎಲ್ಲವೂ ಸರಿಹೋಗುತ್ತದೆ ಎಂದೇನಲ್ಲ. 2022ರ ಫೆಬ್ರವರಿಯಲ್ಲಿ ಚೆನ್ನೈನಲ್ಲಿ ಮತ ಹಾಕಿದವರು ಸುಮಾರು ಶೇ. 44 ಮಾತ್ರ, ರಾಜ್ಯದಲ್ಲೇ ಅತಿ ಕಡಿಮೆ. ಐದು ವರ್ಷ ಕೌನ್ಸಿಲರ್ ಇಲ್ಲದೆ ಬದುಕಿದ ಊರಿಗೆ, ಅವರು ಬೇಕೇ ಬೇಕು ಎಂಬ ನಂಬಿಕೆಯೇ ಹೊರಟುಹೋಗಿದ್ದರೆ ಅಚ್ಚರಿಯೇನಿಲ್ಲ. ಅವಧಿ ಮೀರಿ ಚುನಾವಣೆ ಮುಂದೂಡುವುದರ ದೊಡ್ಡ ನಷ್ಟ ಇದು.

ತಿರುವೊಟ್ಟಿಯೂರು ವಲಯದಲ್ಲಿ 2022ರಲ್ಲಿ ಆಯ್ಕೆಯಾದ 14 ಕೌನ್ಸಿಲರ್‌ಗಳ ಮುಂದೆ ಮಾಡಬಹುದಾದ ಕೆಲಸವೊಂದಿತ್ತು. ಎರಡು ಅಲೆಗಳಲ್ಲಿ ಯಾರ ಮನೆಗೆ ಏನು ತಲುಪಲಿಲ್ಲ ಎಂಬ ವಿವರ ಬೀದಿಯ ಜನರಿಗೆ ಇನ್ನೂ ನೆನಪಿದೆ. ಒಂಟಿ ವೃದ್ಧರು, ಕಾರ್ಡ್ ಇಲ್ಲದ ಕಾರ್ಮಿಕರು, ದುಡಿಯುವ ಗಂಡಸನ್ನು ಕಳೆದುಕೊಂಡ ಮನೆಗಳು, ಎಲ್ಲವೂ ನೆರೆಹೊರೆಗೆ ಗೊತ್ತು. ಅದನ್ನು ಮನೆ ಮನೆಗೆ ಹೋಗಿ ಕೇಳಿ ಬರೆದಿಟ್ಟುಕೊಂಡರೆ ಮುಂದಿನ ಸಾಂಕ್ರಾಮಿಕಕ್ಕೋ ಪ್ರವಾಹಕ್ಕೋ ವಾರ್ಡಿನ ಪಟ್ಟಿ ಸಿದ್ಧವಿರುತ್ತದೆ. ಬೆಂಗಳೂರಿನ ವಾರ್ಡುಗಳಲ್ಲಿ ಆ ಪಟ್ಟಿ ಕೇಳಿ ಬರೆದುಕೊಳ್ಳಲು 2022ರ ಮಾರ್ಚ್‌ನಲ್ಲಿ ಚುನಾಯಿತರು ಒಬ್ಬರೂ ಇರಲಿಲ್ಲ.