ಕೆಣಕುವವನ ಕೀರ್ತಿ

2025ರ ಐಪಿಎಲ್ ಪಂದ್ಯಾವಳಿಯಲ್ಲಿ ಲಖನೌ ತಂಡದ ಯುವ ಬೌಲರ್ ದಿಗ್ವೇಶ್ ರಾಠಿ, ಔಟಾದ ದಾಂಡಿಗನೆದುರು ಅಂಗೈಯನ್ನೇ ಪುಸ್ತಕವಾಗಿಸಿ ಅದರಲ್ಲಿ ಏನನ್ನೋ ಬರೆದುಕೊಳ್ಳುವ ಅಭಿನಯವನ್ನು ರೂಢಿಸಿಕೊಂಡಿದ್ದರು. ಮೊದಲು ದಂಡ, ಆಮೇಲೆ ಹೆಚ್ಚಿನ ದಂಡ. ಮೇ ತಿಂಗಳಲ್ಲಿ ಅಭಿಷೇಕ್ ಶರ್ಮರೊಡನೆ ಮಾತಿಗೆ ಮಾತು ಬೆಳೆದಾಗ ಒಂದು ಪಂದ್ಯದ ನಿಷೇಧವೂ ಬಂತು. ಆದರೆ ದಂಡದ ಜೊತೆಜೊತೆಗೆ ಹೆಸರೂ ಬೆಳೆಯಿತು. ಅವರ ಎಸೆತ ಯಾವ ಕಡೆಗೆ ತಿರುಗುತ್ತದೆಂದು ಹೇಳಲಾರದ ನನ್ನ ವಿದ್ಯಾರ್ಥಿಗಳು ಆ ಅಭಿನಯವನ್ನು ಮಾತ್ರ ಯಥಾವತ್ತಾಗಿ ಮಾಡಿ ತೋರಿಸಬಲ್ಲರು.

ಇಂಥವನಿಗೆ ತಂಡದಲ್ಲಿ ಒಂದು ಹುದ್ದೆಯನ್ನೇ ಕಲ್ಪಿಸಿಕೊಟ್ಟಿರುವ ಆಟವೆಂದರೆ ಉತ್ತರ ಅಮೆರಿಕದ ವೃತ್ತಿಪರ ಐಸ್ ಹಾಕಿ. ಎದುರಾಳಿಯನ್ನು ರೇಗಿಸಿ, ಅವನ ಕೈಯಿಂದ ತಪ್ಪು ಮಾಡಿಸಿ, ಎರಡು ನಿಮಿಷ ಅವನನ್ನು ಆಟದ ಹೊರಗೆ ಕೂರಿಸುವುದೇ ಅಲ್ಲಿ ಕೆಲವರ ಕಸುಬು. ಅಷ್ಟು ಹೊತ್ತು ಆ ತಂಡಕ್ಕೆ ಒಬ್ಬ ಆಳು ಕಡಿಮೆಯಷ್ಟೆ! 2008ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್ ರೇಂಜರ್ಸ್ ತಂಡದ ಶಾನ್ ಏವರಿ ಆಟಕ್ಕೆ ಬೆನ್ನು ತಿರುಗಿಸಿ, ಗೋಲು ಕಾಯುತ್ತಿದ್ದ ಮಾರ್ಟಿನ್ ಬ್ರೋಡರ್ ಮುಖದೆದುರು ಕೈ, ಕೋಲು ಬೀಸುತ್ತ ನಿಂತರು. ಹಾಗೆ ಮಾಡಕೂಡದೆಂದು ಯಾರೂ ಬರೆದಿಟ್ಟಿರಲಿಲ್ಲ, ಏಕೆಂದರೆ ಯಾರೂ ಹಾಗೆ ಮಾಡಿರಲಿಲ್ಲ. ಮರುದಿನವೇ ಅದು ಶಿಕ್ಷಾರ್ಹವೆಂದು ಲೀಗಿನವರು ಸಾರಬೇಕಾಯಿತು.

ಪರರನ್ನು ತೂಗಿದ ತಕ್ಕಡಿಯಲ್ಲಿ ನಮ್ಮವರನ್ನೂ ಇಟ್ಟು ನೋಡೋಣ. 1996ರ ಮಾರ್ಚ್ 9ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಡೆದ ವಿಶ್ವಕಪ್ ಕ್ವಾರ್ಟರ್ ಫೈನಲ್ ಪಂದ್ಯವನ್ನು ವಾಚಕರು ಮರೆತಿರಲಾರರು. ಪಾಕಿಸ್ತಾನದ ನಾಯಕ ಅಮೀರ್ ಸೊಹೈಲ್ ನಮ್ಮ ವೆಂಕಟೇಶ್ ಪ್ರಸಾದರಿಗೆ ಬೌಂಡರಿ ಬಾರಿಸಿ, ಚೆಂಡು ಹೋದ ದಿಕ್ಕನ್ನು ತೋರಿಸಿದರು. ಮುಂದಿನ ಎಸೆತ ಆಫ್ ಸ್ಟಂಪನ್ನು ಕಿತ್ತಿತು. ಪ್ರಸಾದ್ ಪೆವಿಲಿಯನ್ನಿನ ದಿಕ್ಕನ್ನು ತೋರಿಸಿದರು. ಸೊಹೈಲರದು ದುರಹಂಕಾರ, ಪ್ರಸಾದರದು ಪೌರುಷವೆಂದೇ ನಾವು ಈಗಲೂ ಹೇಳಿಕೊಳ್ಳುತ್ತೇವೆ. ಲಾಹೋರಿನಲ್ಲಿ ಕುಳಿತವನಿಗೆ ಹೀಗೆ ಕಂಡಿರಲಾರದು. ಇಂದಿನ ನಿಯಮಾವಳಿಯಾದರೋ ಔಟಾದವನನ್ನು ಕೆರಳಿಸುವ ಸನ್ನೆಯನ್ನೇ ಅಪರಾಧವೆಂದು ಎಣಿಸುತ್ತದೆ.

ಹಾಗಿದ್ದರೂ ಆ ದಿನದ ಪ್ರಸಾದರನ್ನೂ ಏವರಿಯನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಲು ನನ್ನ ಮನಸ್ಸು ಒಪ್ಪದು. ರನ್ನನ ಗದಾಯುದ್ಧವನ್ನು ನೆನೆಯಿರಿ. ವೈಶಂಪಾಯನ ಸರೋವರದಲ್ಲಿ ಅಡಗಿದ ದುರ್ಯೋಧನನನ್ನು ಭೀಮ ಮೂದಲಿಸುವುದು ಅವನನ್ನು ಯುದ್ಧಕ್ಕೆ ಹೊರಗೆಳೆಯಲು. ಆ ಮೂದಲೆಯ ಮುಂದೆ ಗದೆಯಿದೆ, ಎದುರಿಸುವ ಎದೆಯೂ ಇದೆ. ಐಸ್ ಹಾಕಿಯ ಕೆಣಕುಗಾರ ಮಾಡುವುದು ಇದರ ವಿಪರ್ಯಾಸವನ್ನು: ಎದುರಾಳಿಯನ್ನು ಕಣದಿಂದ ಹೊರಗೆ ಕಳಿಸಿದರೆ ಅವನ ಕೆಲಸ ಮುಗಿಯಿತು. ಪ್ರಸಾದರ ಉತ್ತರ ಚೆಂಡಿನಲ್ಲಿತ್ತು. ಸನ್ನೆ ಅದರ ಬಾಲ. ಬಾಲವಿಲ್ಲದಿದ್ದರೂ ಆ ಎಸೆತಕ್ಕೆ ಕೊರತೆಯಾಗುತ್ತಿರಲಿಲ್ಲ ಎಂಬುದೂ ನಿಜವೇ.

ಕಷ್ಟವೆಂದರೆ ಎಳೆಯರ ಕೈಗೆ ಸಿಕ್ಕುವುದು ಬಾಲವೇ. ಆನಗೋಡಿನಂಥ ನಮ್ಮ ಹಳ್ಳಿಗಳಲ್ಲಿ ಕಬಡ್ಡಿ ಆಡುವ ಹುಡುಗರನ್ನು ಗಮನಿಸಿದರೆ ಇದು ತಿಳಿಯುತ್ತದೆ. ತೊಡೆ ತಟ್ಟುವುದು ನಮ್ಮ ಗರಡಿಮನೆಗಳಿಂದ ಬಂದ ಆಹ್ವಾನ. ‘ಬಾ, ಹಿಡಿ’ ಎಂದು ಅದರ ಅರ್ಥ. ಅದೀಗ ಹಿಡಿತಕ್ಕೆ ಸಿಕ್ಕಿ ಮಣ್ಣಿನಲ್ಲಿ ಬಿದ್ದವನ ತಲೆಯ ಮೇಲೆ ನಿಂತು ತಟ್ಟುವ ತೊಡೆಯಾಗಿದೆ. ವೃತ್ತಿಪರ ಕಬಡ್ಡಿಯಲ್ಲಿ ಹಳದಿ ಕಾರ್ಡು ತೋರಿಸಿ ಎರಡು ನಿಮಿಷ ಹೊರಗಿಡುವ ವ್ಯವಸ್ಥೆಯಿದೆ. ಊರ ಬಯಲಿನಲ್ಲಿ ಕಾರ್ಡು ಎಲ್ಲಿಂದ ಬರಬೇಕು? ಅಲ್ಲಿ ಪಂಚನ ಗದರಿಕೆಯೊಂದೇ. ಅದೂ ಚಪ್ಪಾಳೆಯ ಸದ್ದಿನಲ್ಲಿ ಕೇಳಿಸದು.

ನಮ್ಮ ನೆರೆಯ ಭದ್ರಾವತಿಯಲ್ಲಿ ಹುಟ್ಟಿದ ಜಿ. ಆರ್. ವಿಶ್ವನಾಥರು 1980ರ ಫೆಬ್ರುವರಿಯಲ್ಲಿ, ಮುಂಬಯಿಯ ಸುವರ್ಣ ಮಹೋತ್ಸವ ಟೆಸ್ಟಿನಲ್ಲಿ ಭಾರತದ ನಾಯಕರಾಗಿದ್ದರು. ಇಂಗ್ಲೆಂಡಿನ ಬಾಬ್ ಟೇಲರ್ ಕ್ಯಾಚಿತ್ತು ಔಟಾದರೆಂದು ಅಂಪೈರ್ ತೀರ್ಪು ಕೊಟ್ಟಾಗಿತ್ತು. ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ಮನಗಂಡ ವಿಶ್ವನಾಥರು ಅಂಪೈರರನ್ನು ಕೇಳಿಕೊಂಡು ಟೇಲರನ್ನು ಹಿಂದಕ್ಕೆ ಕರೆಸಿದರು. ಐದು ವಿಕೆಟ್ಟಿಗೆ 58 ರನ್ನುಗಳಲ್ಲಿ ತತ್ತರಿಸುತ್ತಿದ್ದ ಇಂಗ್ಲೆಂಡಿಗೆ ಬೋಥಮ್ ಮತ್ತು ಟೇಲರ್ 171 ರನ್ನುಗಳ ಜೊತೆಯಾಟ ಕಟ್ಟಿಕೊಟ್ಟರು. ಭಾರತ ಹತ್ತು ವಿಕೆಟ್ಟುಗಳಿಂದ ಸೋತಿತು. ‘ಕರೆಸದಿದ್ದರೆ ಗೆಲ್ಲುತ್ತಿದ್ದೆವೇ?’ ಎಂದು ನಾನು ಈ ಕಥೆ ಹೇಳಿದಾಗಲೆಲ್ಲ ತರಗತಿಯಲ್ಲಿ ಯಾರಾದರೂ ಕೇಳುತ್ತಾರೆ. ಗೆಲ್ಲುತ್ತಿದ್ದೆವೋ ಏನೋ, ಎನ್ನುತ್ತೇನೆ.